ಹಡಗು, ಕ್ಷಿಪಣಿ ಮತ್ತು ಮೂವತ್ತು ಕಿಲೋಮೀಟರ್

ಯುದ್ಧಸಾಧನಪ್ರಿಯರ ನಡುವೆ ಎಂದೂ ಮುಗಿಯದ ಜಗಳವೊಂದಿದೆ. ಬ್ರಹ್ಮೋಸ್ ಕ್ಷಿಪಣಿ ಮ್ಯಾಕ್ 2.8, ಅಂದರೆ ಶಬ್ದದ 2.8 ಪಟ್ಟು ವೇಗದಲ್ಲಿ ಬರುತ್ತದೆ, ಅದನ್ನು ತಡೆಯುವ ಹಡಗು ಇನ್ನೂ ಹುಟ್ಟಿಲ್ಲ ಎಂದು ಒಬ್ಬರು. ಅಮೆರಿಕದ ಏಜಿಸ್ ವ್ಯವಸ್ಥೆ ನೂರಾರು ಗುರಿಗಳ ಮೇಲೆ ಒಟ್ಟಿಗೆ ಕಣ್ಣಿಡುತ್ತದೆ, ಅದರ ಮುಂದೆ ಯಾವ ಕ್ಷಿಪಣಿಯ ಆಟವೂ ನಡೆಯದು ಎಂದು ಇನ್ನೊಬ್ಬರು. ಇಬ್ಬರ ಕೈಯಲ್ಲೂ ತಯಾರಕರು ಕೊಟ್ಟ ಅಂಕಿಗಳು. ಆ ಅಂಕಿಗಳು ಸುಳ್ಳೇನಲ್ಲ. ಆದರೆ 1967ರಿಂದ ಈಚೆಗೆ ಕ್ಷಿಪಣಿ ತಗುಲಿದ ಹಡಗುಗಳ ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ವೇಗ, ದೂರ, ಕ್ಷಿಪಣಿ ಹಾರಿಸುವ ಕೊಳವೆಗಳ ಎಣಿಕೆ ಎಲ್ಲ ಹಿಂದೆ ಸರಿದು ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಕ್ಷಿಪಣಿ ಬಂದ ಆ ಗಳಿಗೆಯಲ್ಲಿ ಹಡಗಿನ ರಕ್ಷಣಾ ವ್ಯವಸ್ಥೆ ಚಾಲೂ ಇತ್ತೇ?

ಇದನ್ನು ಲೆಕ್ಕ ಹಾಕಿ ತೋರಿಸಿದವರೂ ಇದ್ದಾರೆ. ಅಮೆರಿಕದ ನೌಕಾ ಸ್ನಾತಕೋತ್ತರ ಶಾಲೆಗೆ 1994ರಲ್ಲಿ ಜಾನ್ ಶುಲ್ಟೆ ಎಂಬ ಅಧಿಕಾರಿ ಸಲ್ಲಿಸಿದ ಪ್ರಬಂಧ ಅಲ್ಲಿಯವರೆಗಿನ ಎಲ್ಲ ದಾಳಿಗಳನ್ನೂ ಮೂರು ಗುಂಪು ಮಾಡಿತು. ತಡೆಯುವ ಸಾಧನವೇ ಇಲ್ಲದ ವ್ಯಾಪಾರಿ ಹಡಗುಗಳ ಮೇಲೆ ಬಿಟ್ಟ ಕ್ಷಿಪಣಿಗಳಲ್ಲಿ ಸುಮಾರು ನೂರಕ್ಕೆ 91 ಗುರಿ ಮುಟ್ಟಿದ್ದವು. ಎಚ್ಚರದಿಂದಿದ್ದು ಎದುರಿಸಿದ ಯುದ್ಧನೌಕೆಗಳ ಮೇಲೆ ಬಿಟ್ಟವುಗಳಲ್ಲಿ ಸುಮಾರು 26 ಮಾತ್ರ. ಕುತೂಹಲ ಹುಟ್ಟಿಸುವುದು ನಡುವಿನ ಗುಂಪು. ಸಾಧನ ಇತ್ತು, ಬಳಸಲಿಲ್ಲ; ಅಲ್ಲಿ ನೂರಕ್ಕೆ ಸುಮಾರು 68. ಕೋಟ್ಯಂತರ ರೂಪಾಯಿಯ ರೇಡಾರು, ಫಿರಂಗಿ ಹೊತ್ತ ಹಡಗು ಎಚ್ಚರ ತಪ್ಪಿದ ದಿನ ಸಿಮೆಂಟು ಸಾಗಿಸುವ ಹಡಗಿಗೆ ಹೆಚ್ಚು ಹತ್ತಿರವಾಗಿಬಿಡುತ್ತದೆ.

ಎಚ್ಚರ ಇಷ್ಟೇಕೆ ಮುಖ್ಯವಾಯಿತು ಎಂದರೆ ಭೂಮಿ ದುಂಡಗಿದೆ. ರೇಡಾರ್ ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ, ಸಮುದ್ರ ಬಾಗುತ್ತದೆ. ರೇಡಾರಿನ ಎತ್ತರ ಮತ್ತು ಗುರಿಯ ಎತ್ತರ ಎರಡನ್ನೂ ಮೀಟರಿನಲ್ಲಿ ತೆಗೆದುಕೊಂಡು, ಅವುಗಳ ವರ್ಗಮೂಲಗಳನ್ನು ಕೂಡಿಸಿ 4.12ರಿಂದ ಗುಣಿಸಿದರೆ ಎಷ್ಟು ಕಿಲೋಮೀಟರಿನಾಚೆಗೆ ಕಣ್ಣು ಕುರುಡು ಎಂಬ ಅಂದಾಜು ಸಿಗುತ್ತದೆ. ಹಡಗಿನ ಕಂಬದ ಮೇಲೆ 25 ಮೀಟರ್ ಎತ್ತರದಲ್ಲಿ ರೇಡಾರ್, ನೀರಿಗೆ 5 ಮೀಟರ್ ಮೇಲೆ ಕ್ಷಿಪಣಿ. ಉತ್ತರ ಸುಮಾರು 30 ಕಿಲೋಮೀಟರ್. ಎಕ್ಸೋಸೆಟ್‌ನಂಥ ಸಬ್‌ಸಾನಿಕ್, ಅಂದರೆ ಶಬ್ದಕ್ಕಿಂತ ನಿಧಾನದ ಕ್ಷಿಪಣಿ ಸೆಕೆಂಡಿಗೆ 300 ಮೀಟರಿನಷ್ಟು ಸಾಗುತ್ತದೆ. ಕಂಡದ್ದರಿಂದ ಬಡಿಯುವವರೆಗೆ 100 ಸೆಕೆಂಡು. ಬ್ರಹ್ಮೋಸ್ ಆದರೆ ಸುಮಾರು 32 ಸೆಕೆಂಡು. ಇಷ್ಟರೊಳಗೆ ಪರದೆಯ ಮೇಲಿನ ಚುಕ್ಕೆ ಹಕ್ಕಿಯೋ ಅಲೆಯೋ ಕ್ಷಿಪಣಿಯೋ ತೀರ್ಮಾನಿಸಬೇಕು, ಮೇಲಧಿಕಾರಿಗೆ ಹೇಳಬೇಕು, ಅವರು ಒಪ್ಪಬೇಕು, ಆಯುಧ ಹಾರಬೇಕು, ಹಾರಿದ್ದು ಆಚೆ ಹೋಗಿ ಮುಟ್ಟಬೇಕು. ಕಾಗದದ ಮೇಲೆ 100 ಕಿಲೋಮೀಟರ್ ವ್ಯಾಪ್ತಿಯಿರುವ ರಕ್ಷಣಾ ಕ್ಷಿಪಣಿ ಇಲ್ಲಿ ಆ 30 ಕಿಲೋಮೀಟರಿನೊಳಗೇ ದುಡಿಯಬೇಕು. ಅದೇ ರೇಡಾರನ್ನು ವಿಮಾನದಲ್ಲಿಟ್ಟು 9,000 ಮೀಟರಿಗೆ ಏರಿಸಿದರೆ ದಿಗಂತ 400 ಕಿಲೋಮೀಟರಿಗೆ ಸರಿಯುತ್ತದೆ. ವಿಮಾನವಾಹಕ ನೌಕೆಗಳ ಮೇಲೆ ಹಾಕ್-ಐ ಥರದ ರೇಡಾರ್ ವಿಮಾನಗಳು, ನಮ್ಮಲ್ಲಿ ಕಾಮೋವ್-31 ಹೆಲಿಕಾಪ್ಟರ್‌ಗಳು ಇರುವುದೇ ಈ ಕಾರಣಕ್ಕೆ.

ಕತೆ ಶುರುವಾದದ್ದು 1967ರ ಅಕ್ಟೋಬರ್ 21ರಂದು. ಈಜಿಪ್ಟಿನ ಪೋರ್ಟ್ ಸಯೀದ್ ಬಂದರಿನೊಳಗೆ ನಿಂತಿದ್ದ ಪುಟ್ಟ ಕೋಮಾರ್ ದೋಣಿಗಳು ಬಿಟ್ಟ ಸೋವಿಯೆತ್ ಸ್ಟಿಕ್ಸ್ ಕ್ಷಿಪಣಿಗಳು ಇಸ್ರೇಲಿನ ಡೆಸ್ಟ್ರಾಯರ್ ಐಲಾತನ್ನು ಮುಳುಗಿಸಿದವು. 47 ಜನ ಸತ್ತರು. ಎರಡನೇ ಮಹಾಯುದ್ಧದ ಕಾಲದ ಆ ಬ್ರಿಟಿಷ್ ಹಡಗಿನಲ್ಲಿ ಕ್ಷಿಪಣಿಯನ್ನು ತಡೆಯಬಲ್ಲ ಏನೂ ಇರಲಿಲ್ಲ. ಒಂದು ಡೆಸ್ಟ್ರಾಯರನ್ನು ಹೊಡೆಯಲು ಇನ್ನೊಂದು ಡೆಸ್ಟ್ರಾಯರ್ ಬೇಕಿಲ್ಲ ಎಂಬುದು ಜಗತ್ತಿನ ನೌಕಾಪಡೆಗಳಿಗೆ ಆ ಸಂಜೆ ತಿಳಿಯಿತು.

ನಾಲ್ಕು ವರ್ಷದ ಬಳಿಕ ಅದೇ ಕ್ಷಿಪಣಿಯನ್ನು ಭಾರತ ಕರಾಚಿಯ ಬಾಗಿಲಿಗೆ ಒಯ್ದಿತು. 1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಪಾಕಿಸ್ತಾನದ ಡೆಸ್ಟ್ರಾಯರ್ ಖೈಬರ್, ಮೈನ್‌ಸ್ವೀಪರ್ ಮುಹಾಫಿಜ್ ಮತ್ತು ವೀನಸ್ ಚಾಲೆಂಜರ್ ಎಂಬ ಸರಕು ಹಡಗನ್ನು ಮುಳುಗಿಸಿದವು. ಮೊದಲ ಕ್ಷಿಪಣಿ ಬಡಿದಾಗ ಖೈಬರ್ ತನ್ನ ಮೇಲೆ ಶತ್ರು ವಿಮಾನ ದಾಳಿ ಮಾಡಿದೆ ಎಂದು ರೇಡಿಯೋ ಸಂದೇಶ ಕಳಿಸಿತು. ಹೊಡೆದದ್ದು ಏನು ಎಂಬುದೇ ಗೊತ್ತಿಲ್ಲದ ಹಡಗು ರಕ್ಷಿಸಿಕೊಳ್ಳುವುದು ಹೇಗೆ? ನಮ್ಮಲ್ಲಿ ಡಿಸೆಂಬರ್ 4 ನೌಕಾಪಡೆಯ ದಿನವಾಗಿರುವುದು ಈ ದಾಳಿಯ ನೆನಪಿಗೆ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ಕೂಡ ಇದೇ ವಂಶದ ದೋಣಿ. ಕರಾಚಿಗೆ ಹೋದದ್ದು ಇದೇ ಎಂದು ನೋಡಲು ಬಂದವರು ಮಾತಾಡಿಕೊಳ್ಳುವುದುಂಟು. ಚಪಲ್ ನೌಕಾಪಡೆ ಸೇರಿದ್ದು 1976ರಲ್ಲಿ, ಯುದ್ಧ ಮುಗಿದ ಮೇಲೆ. ಆದರೂ ಇಷ್ಟು ಚಿಕ್ಕ ದೋಣಿ ಅಷ್ಟು ದೊಡ್ಡ ಕ್ಷಿಪಣಿ ಪೆಟ್ಟಿಗೆಗಳನ್ನು ಬೆನ್ನಮೇಲೆ ಹೊತ್ತ ಪರಿಯನ್ನು ಕಣ್ಣಾರೆ ಕಾಣಲು ಕನ್ನಡಿಗರಿಗೆ ಅದಕ್ಕಿಂತ ಹತ್ತಿರದ ಜಾಗವಿಲ್ಲ.

ಇಷ್ಟಾದ ಮೇಲೆ ಕ್ಷಿಪಣಿಯೇ ಗೆದ್ದಿತು ಎಂದು ತೀರ್ಮಾನಿಸುವುದು ಸುಲಭವಿತ್ತು. 1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧ ಅದನ್ನು ತಲೆಕೆಳಗು ಮಾಡಿತು. ಸಿರಿಯಾದ ಲಟಾಕಿಯಾ, ಈಜಿಪ್ಟಿನ ಬಾಲ್ಟಿಮ್ ಎದುರಿನ ಕಾಳಗಗಳಲ್ಲಿ ಅರಬ್ ದೋಣಿಗಳು ಹಲವು ಡಜನ್ ಸ್ಟಿಕ್ಸ್ ಬಿಟ್ಟವು. ಇಸ್ರೇಲಿನ ಒಂದು ದೋಣಿಗೂ ತಾಗಲಿಲ್ಲ. ಇಸ್ರೇಲಿನ ಗೇಬ್ರಿಯಲ್ ಕ್ಷಿಪಣಿಯ ವ್ಯಾಪ್ತಿ ಸುಮಾರು 20 ಕಿಲೋಮೀಟರ್, ಎದುರಾಳಿಯದು ಅದರ ದುಪ್ಪಟ್ಟು. ಅಂಕಿಪಟ್ಟಿ ಹಿಡಿದವರ ಪ್ರಕಾರ ಇಸ್ರೇಲ್ ಹತ್ತಿರ ಹೋಗುವ ಮೊದಲೇ ಸೋಲಬೇಕಿತ್ತು. ಅವರನ್ನು ಉಳಿಸಿದ್ದು ಶತ್ರು ರೇಡಾರಿಗೆ ಅಡ್ಡಿಪಡಿಸುವ ಜಾಮಿಂಗ್ ಮತ್ತು ಚಾಫ್. ಗಾಳಿಗೆ ತೂರಿದ ಲೋಹದ ಎಳೆಗಳ ಮೋಡ ಕ್ಷಿಪಣಿಯ ಪುಟ್ಟ ರೇಡಾರಿಗೆ ಹಡಗಿಗಿಂತ ದೊಡ್ಡದಾಗಿ ಕಾಣುತ್ತದೆ. ಕಟ್ಟುತ್ತಿರುವ ಮನೆಯ ಮುಂದೆ ದೃಷ್ಟಿಗೊಂಬೆ ನೇತುಹಾಕಿದಂತೆ, ಕೆಟ್ಟ ಕಣ್ಣು ಬೇಕಾದರೆ ಅದರ ಮೇಲೆ ಬೀಳಲಿ ಎಂಬ ಏರ್ಪಾಡು. ಕ್ಷಿಪಣಿಯನ್ನು ಕ್ಷಿಪಣಿಯಿಂದ ಹೊಡೆಯುವ ದೃಶ್ಯಕ್ಕಿರುವ ಗತ್ತು ಇದಕ್ಕಿಲ್ಲವಾದ್ದರಿಂದ ನಮ್ಮ ಚರ್ಚೆಗಳಲ್ಲಿ ಚಾಫ್‌ಗೆ ಸಿಗುವ ಮರ್ಯಾದೆ ಕಡಿಮೆ. ದಾಖಲೆಯಲ್ಲಿ ಅದಕ್ಕೆ ಸಿಗಬೇಕಾದ ಪಾಲು ಬಹಳ ದೊಡ್ಡದು.

ಫಾಕ್‌ಲ್ಯಾಂಡ್ಸ್ ಯುದ್ಧದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಎರಡೂ ಕಡೆಯ ವಾದಿಗಳು ಅದರಿಂದಲೇ ಸಾಕ್ಷಿ ತರುತ್ತಾರೆ. 1982ರಲ್ಲಿ ಅರ್ಜೆಂಟೀನಾದ ಬಳಿ ವಿಮಾನದಿಂದ ಬಿಡುವ ಎಕ್ಸೋಸೆಟ್ ಇದ್ದದ್ದು ಐದೇ ಐದು. ಮೇ 4ರಂದು ನೆಪ್ಚೂನ್ ಎಂಬ ಹಳೆಯ ಕಣ್ಗಾವಲು ವಿಮಾನವೊಂದು ಬ್ರಿಟಿಷ್ ಹಡಗುಗಳನ್ನು ಪತ್ತೆಹಚ್ಚಿ ಜಾಗ ತಿಳಿಸಿತು. ಎರಡು ಸೂಪರ್ ಎತಾಂದಾರ್ ವಿಮಾನಗಳು ಸಮುದ್ರಕ್ಕೆ ತಾಗುವಂತೆ ಹಾರಿ, ಒಮ್ಮೆ ಮೇಲೆದ್ದು ನೋಡಿ, ತಲಾ ಒಂದು ಕ್ಷಿಪಣಿ ಬಿಟ್ಟು ತಿರುಗಿದವು. ಗ್ಲಾಸ್ಗೋ ಎಂಬ ಹಡಗು ಆ ವಿಮಾನಗಳ ರೇಡಾರ್ ಸಂಕೇತ ಹಿಡಿದು ಎಚ್ಚರಿಸಿತು, ತಾನು ಚಾಫ್ ಹಾರಿಸಿಕೊಂಡಿತು. ಆದರೆ ಅಂಥ ಸುಳ್ಳು ಕೂಗುಗಳು ಆ ದಿನಗಳಲ್ಲಿ ಎಷ್ಟೋ ಬಂದಿದ್ದವು; ಇದನ್ನೂ ಹಾಗೆಯೇ ತಳ್ಳಿಹಾಕಲಾಯಿತು. ಪಕ್ಕದ ಶೆಫೀಲ್ಡ್ ಆ ಹೊತ್ತಿಗೆ ಉಪಗ್ರಹ ಸಂಪರ್ಕದಲ್ಲಿತ್ತು, ಆ ಪ್ರಸಾರವೇ ಅದರ ಎಚ್ಚರಿಕೆ ಉಪಕರಣದ ಕಿವಿ ಮುಚ್ಚಿತ್ತು. 2017ರಲ್ಲಿ ಪೂರ್ಣವಾಗಿ ಬಹಿರಂಗವಾದ ವಿಚಾರಣಾ ವರದಿಯ ಪ್ರಕಾರ ವಾಯುರಕ್ಷಣೆಯ ಅಧಿಕಾರಿ ಕಾರ್ಯಾಚರಣೆ ಕೊಠಡಿಯಲ್ಲಿರಲಿಲ್ಲ, ಕಾಫಿಗೆ ಹೋಗಿದ್ದರು. ಒಂದು ಚಾಫ್ ಕೂಡ ಹಾರಲಿಲ್ಲ. 20 ಜನ ಸತ್ತರು; ಹೊತ್ತಿ ಉರಿದ ಹಡಗು ಆರು ದಿನದ ಮೇಲೆ, ಎಳೆದೊಯ್ಯುವಾಗ ಮುಳುಗಿತು. ಶೆಫೀಲ್ಡ್ ಅಲ್ಯೂಮಿನಿಯಂ ಹಡಗಾದ್ದರಿಂದ ಕರಗಿಹೋಯಿತು ಎಂದು ಇವತ್ತಿಗೂ ಬರೆಯುವವರಿದ್ದಾರೆ. ಅದರ ಮೇಲ್ಕಟ್ಟು ಉಕ್ಕಿನದು. ಬೆಂಕಿ ಹಬ್ಬಿದ್ದಕ್ಕೆ ಕಾರಣ ಕ್ಷಿಪಣಿಯಲ್ಲಿ ಉಳಿದಿದ್ದ ಇಂಧನ, ಆರಿಸಲಾಗದ್ದಕ್ಕೆ ಕಾರಣ ಒಡೆದುಹೋದ ನೀರಿನ ಮುಖ್ಯ ಕೊಳವೆ.

ಮೇ 25ರಂದು ಇನ್ನೆರಡು ಎಕ್ಸೋಸೆಟ್ ಬಂದಾಗ ಬ್ರಿಟಿಷರು ಎಚ್ಚರವಾಗಿದ್ದರು. ಆಂಬುಸ್ಕೇಡ್ ಎಂಬ ಫ್ರಿಗೇಟ್ ಚಾಫ್ ಹಾರಿಸಿತು, ಕ್ಷಿಪಣಿಗಳು ಮರುಳಾದವು. ಆದರೆ ಚಾಫ್ ಮೋಡ ದಾಟಿ ಮುಂದೆ ಸಾಗಿ ಇನ್ನೊಂದು ದೊಡ್ಡ ಗುರಿಯನ್ನು ಹುಡುಕಿಕೊಂಡವು. ಅದು ಅಟ್ಲಾಂಟಿಕ್ ಕನ್ವೇಯರ್ ಎಂಬ ಸರಕು ಹಡಗು, ರಕ್ಷಣೆ ಎಂಬುದೇನೂ ಇಲ್ಲದ್ದು. 12 ಜನರ ಜತೆ ಚಿನೂಕ್ ಹೆಲಿಕಾಪ್ಟರ್‌ಗಳೂ ಹೋದವು. ದ್ವೀಪಕ್ಕಿಳಿದ ಬ್ರಿಟಿಷ್ ಸೈನಿಕರು ಹೊರೆ ಹೊತ್ತು ನಡೆಯಬೇಕಾಯಿತು. ಜೂನ್ 12ರಂದು ದಡದ ಮೇಲಿಂದ ಹಾರಿದ ಎಕ್ಸೋಸೆಟ್ ಗ್ಲಾಮೋರ್ಗನ್ ಎಂಬ ಬ್ರಿಟಿಷ್ ಹಡಗಿಗೆ ತಗುಲಿತಾದರೂ, ಕಂಡ ಕೂಡಲೆ ಹಡಗನ್ನು ಜೋರಾಗಿ ತಿರುಗಿಸಿದ್ದರಿಂದ ಪೆಟ್ಟು ಹಿಂಬದಿಗೆ ಬಿತ್ತು. 14 ಜನ ಸತ್ತರು, ಹಡಗು ಬದುಕಿತು. ಒಂದೇ ಯುದ್ಧ, ಒಂದೇ ಜಾತಿಯ ಕ್ಷಿಪಣಿ, ಮೂರು ಬಗೆಯ ಫಲ. ಎಕ್ಸೋಸೆಟ್ ಅಜೇಯ ಎಂಬ ಕೀರ್ತಿ ಹುಟ್ಟಿದ್ದೂ ಇಲ್ಲೇ. ಯಾರಾದರೂ ಬ್ರಿಟಿಷರ ಬಳಿ ಮೇಲೆ ಹಾರುವ ರೇಡಾರ್ ಇರಲಿಲ್ಲವೆಂಬ ಸಂಗತಿಯನ್ನು ಸೇರಿಸಿ ಹೇಳಿದರೆ ಆ ಕೀರ್ತಿ ಸ್ವಲ್ಪ ಇಳಿಯುತ್ತದೆ.

ಹಾಗಾದರೆ ಸದಾ ಎಚ್ಚರವಾಗಿದ್ದುಬಿಟ್ಟರೆ ಸಾಕೇ? ಪರ್ಷಿಯನ್ ಕೊಲ್ಲಿಯ ಎರಡು ಘಟನೆಗಳು ಇದಕ್ಕೆ ಅಡ್ಡ ಬರುತ್ತವೆ. 1987ರ ಮೇ 17ರ ರಾತ್ರಿ ಇರಾಕಿನ ವಿಮಾನವೊಂದು ಅಮೆರಿಕದ ಫ್ರಿಗೇಟ್ ಸ್ಟಾರ್ಕ್ ಮೇಲೆ ಎರಡು ಎಕ್ಸೋಸೆಟ್ ಬಿಟ್ಟಿತು. ಆಗ ಇರಾಕ್ ಅಮೆರಿಕದ ಶತ್ರುವಲ್ಲ. ಅಂಥ ವಿಮಾನಗಳು ಆ ದಾರಿಯಲ್ಲಿ ದಿನಾ ಬರುತ್ತಿದ್ದವು. ಹಡಗು ವಿಮಾನವನ್ನು ಬಹಳ ಹೊತ್ತಿನಿಂದ ನೋಡುತ್ತಲೇ ಇತ್ತು. ಹತ್ತಿರ ಬಂದ ಕ್ಷಿಪಣಿಯನ್ನು ಹೊಡೆಯುವ ಫ್ಯಾಲಾಂಕ್ಸ್ ಫಿರಂಗಿ ಸ್ವಯಂಚಾಲಿತ ಸ್ಥಿತಿಯಲ್ಲಿರಲಿಲ್ಲ, ಚಾಫ್ ಹಾರಲಿಲ್ಲ. 37 ನಾವಿಕರು ಸತ್ತರು. ಮರುವರ್ಷ ಜುಲೈ 3ರಂದು ಅದೇ ಕೊಲ್ಲಿಯಲ್ಲಿ, ಅತ್ಯಾಧುನಿಕ ಏಜಿಸ್ ಹೊತ್ತ ವಿನ್ಸೆನ್ಸ್ ಎಂಬ ಕ್ರೂಸರ್ ತನ್ನತ್ತ ಬರುತ್ತಿರುವುದು ಇರಾನಿನ ಯುದ್ಧವಿಮಾನವೆಂದು ಭಾವಿಸಿ ಇರಾನ್ ಏರ್‌ನ ಪ್ರಯಾಣಿಕ ವಿಮಾನ ಉರುಳಿಸಿತು. 290 ಜನ, ಅವರಲ್ಲಿ 10 ಮಂದಿ ಭಾರತೀಯರು. ಒಂದು ಹಡಗು ಗುಂಡಿ ಒತ್ತದೆ ತನ್ನವರನ್ನು ಕಳಕೊಂಡಿತು, ಇನ್ನೊಂದು ಒತ್ತಿ ಪರರನ್ನು ಕೊಂದಿತು. ನಡುವೆ ಹದಿಮೂರೂವರೆ ತಿಂಗಳ ಅಂತರ. ಮೊದಲನೆಯದರ ಭಯ ಎರಡನೆಯದರ ಕೋಣೆಯಲ್ಲಿ ಕೂತಿತ್ತು ಎಂದು ನಂಬದಿರುವುದು ನನಗಂತೂ ಕಷ್ಟ. ವಿನ್ಸೆನ್ಸ್‌ನ ಯಂತ್ರ ವಿಮಾನ ಏರುತ್ತಿದೆ ಎಂದು ಸರಿಯಾಗಿಯೇ ತೋರಿಸುತ್ತಿತ್ತು. ಅದು ಇಳಿಯುತ್ತಿದೆ ಎಂದು ಓದಿದವರು ಮನುಷ್ಯರು.

ಎಚ್ಚರವಾಗಿದ್ದರೂ ಯಂತ್ರಗಳು ಒಂದನ್ನೊಂದು ಕೆಡಿಸಬಹುದು. 1991ರ ಫೆಬ್ರವರಿ 25ರಂದು ಇರಾಕ್ ದಡದಿಂದ ಎರಡು ಸಿಲ್ಕ್‌ವರ್ಮ್ ಕ್ಷಿಪಣಿಗಳನ್ನು ಮಿಸೌರಿ ಎಂಬ ಭಾರೀ ಯುದ್ಧನೌಕೆಯತ್ತ ಬಿಟ್ಟಿತು. ಒಂದು ತಾನಾಗಿ ಸಮುದ್ರಕ್ಕೆ ಬಿತ್ತು. ಇನ್ನೊಂದನ್ನು ಬ್ರಿಟನ್ನಿನ ಗ್ಲಾಸ್ಟರ್ ಎಂಬ ಡೆಸ್ಟ್ರಾಯರ್ ತನ್ನ ಸೀ ಡಾರ್ಟ್ ಕ್ಷಿಪಣಿಯಿಂದ ಹೊಡೆದುರುಳಿಸಿತು. ಹಡಗು ನಾಶಕ ಕ್ಷಿಪಣಿಯೊಂದನ್ನು ಯುದ್ಧದಲ್ಲಿ ಹಡಗಿನ ಕ್ಷಿಪಣಿ ಕೆಡವಿದ್ದು ಅದೇ ಮೊದಲು, ಐಲಾತ್ ಮುಳುಗಿ 23 ವರ್ಷಗಳ ಬಳಿಕ. ಇದೇ ಗದ್ದಲದಲ್ಲಿ ಮಿಸೌರಿ ಹಾರಿಸಿದ ಚಾಫ್ ಮೋಡವನ್ನು ಜಾರೆಟ್ ಎಂಬ ಜತೆಗಾರ ಫ್ರಿಗೇಟಿನ ಫ್ಯಾಲಾಂಕ್ಸ್ ಶತ್ರುವೆಂದು ತಿಳಿದು ಗುಂಡು ಸುರಿಸಿತು. ಕೆಲವು ಮಿಸೌರಿಗೇ ಬಡಿದವು.

2006ರ ಲೆಬನಾನ್ ಯುದ್ಧದಲ್ಲಿ ಹಿಜ್ಬುಲ್ಲಾ ಬಿಟ್ಟ ಚೀನೀ ಮೂಲದ ಸಿ-802 ಕ್ಷಿಪಣಿ ಇಸ್ರೇಲಿನ ಹನಿತ್ ಎಂಬ ಯುದ್ಧನೌಕೆಗೆ ತಗುಲಿ ನಾಲ್ವರು ಸತ್ತಾಗ ಆ ಹಡಗಿನ ರಕ್ಷಣಾ ವ್ಯವಸ್ಥೆಯನ್ನು ಆರಿಸಲಾಗಿತ್ತು. ಹಿಜ್ಬುಲ್ಲಾ ಬಳಿ ಅಂಥದ್ದಿಲ್ಲ ಎಂಬ ನಂಬಿಕೆಯಿಂದ. 1973ರ ವಿಜೇತರೇ ಹೀಗೆ ಎಡವಿದ್ದು. 2022ರ ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದಲ್ಲಿ ಮುಳುಗಿದ ರಷ್ಯಾದ ಮೋಸ್ಕ್ವಾ ಎಂಬ ಕ್ರೂಸರ್ ಮೇಲೆ 64 ದೂರಗಾಮಿ ವಾಯುರಕ್ಷಣಾ ಕ್ಷಿಪಣಿಗಳು, ಹತ್ತಿರದ ರಕ್ಷಣೆಗೆ ಓಸಾ ಕ್ಷಿಪಣಿಗಳು, ಆರು ನಳಿಗೆಯ ಎಕೆ-630 ಫಿರಂಗಿಗಳು ಎಲ್ಲ ಇದ್ದವು. ಉಕ್ರೇನಿನ ಎರಡು ನೆಪ್ಚೂನ್ ಕ್ಷಿಪಣಿಗಳು ಸಾಕಾದವು, ಅವು ಶಬ್ದದ ವೇಗವನ್ನೂ ಮೀರುವಂಥವಲ್ಲ.

ವೇಗದ ವಾದಕ್ಕೆ ಇಲ್ಲಿಂದ ಒಂದು ಉಪಕಥೆ. ಬ್ರಹ್ಮೋಸ್‌ನ ಮೊದಲ ರೂಪದ ವ್ಯಾಪ್ತಿ 290 ಕಿಲೋಮೀಟರ್ ಎಂದು ಎಲ್ಲರಿಗೂ ಗೊತ್ತು, ಕೊನೆಯಲ್ಲಿ ನೀರಿಗೆ 10 ಮೀಟರ್ ಎತ್ತರದಲ್ಲಿ ಹಾರುತ್ತದೆಂದೂ ಗೊತ್ತು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದಾಗ ಕೇಳುಗರು ಅದು ಇಡೀ ದಾರಿ ನೀರಿಗೆ ತಾಗಿ ಬರುತ್ತದೆಂದು ತಿಳಿಯುತ್ತಾರೆ. 290 ಕಿಲೋಮೀಟರ್ ಸಿಗುವುದು ಮೊದಲು 14 ಕಿಲೋಮೀಟರ್ ಎತ್ತರಕ್ಕೇರಿ ಹೋದರೆ. ಅಷ್ಟು ಎತ್ತರದ ವಸ್ತು ದೂರದ ರೇಡಾರಿಗೆ ದಿಗಂತದ ಮರೆ ಇಲ್ಲದೆ ಕಾಣುತ್ತದೆ. ಇಡೀ ದಾರಿ ಕೆಳಗೇ ಹಾರಿದರೆ ದಟ್ಟ ಗಾಳಿ ಇಂಧನ ತಿಂದು ವ್ಯಾಪ್ತಿ 120 ಕಿಲೋಮೀಟರಿಗೆ ಇಳಿಯುತ್ತದೆ. ನಾರ್ವೆಯ ಎನ್‌ಎಸ್‌ಎಂ, ಅಮೆರಿಕದ ಎಲ್‌ಆರ್‌ಎಎಸ್‌ಎಂ ಇದಕ್ಕೆ ಎದುರು ದಾರಿ ಹಿಡಿದಿವೆ: ನಿಧಾನ, ಆದರೆ ರೇಡಾರಿಗೆ ಸುಲಭವಾಗಿ ಕಾಣದ ಮೈ, ತಾವಾಗಿ ರೇಡಾರ್ ಬೀರದ ಇನ್‌ಫ್ರಾರೆಡ್ ಕಣ್ಣು. ವೇಗ ಎದುರಾಳಿಯ ಸೆಕೆಂಡುಗಳನ್ನು ಕಿತ್ತುಕೊಳ್ಳುತ್ತದೆ, ಮರೆ ಎದುರಾಳಿಗೆ ಸುಳಿವನ್ನೇ ಕೊಡುವುದಿಲ್ಲ. ಆದರೂ ಹತ್ತಿರದ ಫಿರಂಗಿಯ ವಿಷಯದಲ್ಲಿ ವೇಗಕ್ಕೇ ನನ್ನ ಮತ. ಫ್ಯಾಲಾಂಕ್ಸ್ ನಿಮಿಷಕ್ಕೆ 4,500 ಗುಂಡು ಹಾರಿಸಿದರೂ ಅದರ ಪರಿಣಾಮ ಒಂದೂವರೆ ಕಿಲೋಮೀಟರಿನೊಳಗೆ. ಎಕ್ಸೋಸೆಟ್ ಅದನ್ನು ದಾಟಲು ಐದು ಸೆಕೆಂಡು ತೆಗೆದುಕೊಂಡರೆ ಬ್ರಹ್ಮೋಸ್‌ಗೆ ಒಂದೂವರೆ ಸೆಕೆಂಡು. ಗುಂಡು ತಗುಲಿದರೂ ಚೂರುಗಳು ಅದೇ ವೇಗದಲ್ಲಿ ಬಂದು ಹಡಗಿಗೆ ಬಡಿಯುತ್ತವೆ.

ಇನ್ನು ಕೆಂಪು ಸಮುದ್ರ. 2023ರ ಅಕ್ಟೋಬರ್‌ನಿಂದ ಯೆಮೆನ್‌ನ ಹೌತಿಗಳು ಡ್ರೋನ್, ಕ್ರೂಸ್ ಕ್ಷಿಪಣಿಗಳ ಜತೆಗೆ, ಯುದ್ಧದಲ್ಲಿ ಹಿಂದೆಂದೂ ಬಳಸದಿದ್ದ ಹಡಗು ನಾಶಕ ಬ್ಯಾಲಿಸ್ಟಿಕ್ ಕ್ಷಿಪಣಿಗಳನ್ನೂ ಬಿಟ್ಟರು. ಚೀನಾದ ಡಿಎಫ್-21ಡಿ ಎಂಬ ಇಂಥದೇ ಕ್ಷಿಪಣಿಯ ಬಗ್ಗೆ ಹತ್ತು ವರ್ಷಕ್ಕೂ ಮಿಕ್ಕಿ ನಡೆದಿದ್ದ ಊಹಾಪೋಹಕ್ಕೆ ಪರೀಕ್ಷೆ ದೊರೆತದ್ದು ಯಾರೂ ಎಣಿಸದ ಕಡೆಯಿಂದ. ರೂಬಿಮಾರ್ ಎಂಬ ಸರಕು ಹಡಗು ಮುಳುಗಿತು, ಟ್ರೂ ಕಾನ್ಫಿಡೆನ್ಸ್ ಎಂಬ ಇನ್ನೊಂದರ ಮೇಲೆ ಮೂವರು ನಾವಿಕರು ಸತ್ತರು. ಅದರ ಉಳಿದ 21 ಮಂದಿಯನ್ನು ಎತ್ತಿಕೊಂಡದ್ದು ನಮ್ಮ ಯುದ್ಧನೌಕೆ ಕೋಲ್ಕತ್ತಾ. ಎಚ್ಚೆತ್ತು ನಿಂತ ಪಾಶ್ಚಾತ್ಯ ಯುದ್ಧನೌಕೆಗಳಿಗೆ ಮಾತ್ರ ಕ್ಷಿಪಣಿ ತಾಗಲಿಲ್ಲ. 2024ರ ಜನವರಿ 30ರಂದು ಗ್ರೇವ್ಲಿ ಎಂಬ ಡೆಸ್ಟ್ರಾಯರ್ ಒಂದು ಕ್ರೂಸ್ ಕ್ಷಿಪಣಿಯನ್ನು ಕೊನೆಯ ಮೈಲಿಯಲ್ಲಿ ಫ್ಯಾಲಾಂಕ್ಸ್‌ನಿಂದ ಕೆಡವಿತು. ಅಂದರೆ ಹೊರಗಿನ ಎರಡು ಮೂರು ಪದರಗಳನ್ನು ಅದು ದಾಟಿ ಬಂದಿತ್ತು.

ಶುಲ್ಟೆಯ ಮೂರು ಗುಂಪುಗಳು ಮೂವತ್ತು ವರ್ಷದ ಮೇಲೂ ನಿಂತವು ಎನ್ನಬೇಕು. ಆದರೆ ಎಚ್ಚರಕ್ಕೆ ತೆತ್ತ ಬೆಲೆಯೂ ಈ ಬಾರಿ ಬಯಲಾಯಿತು. ಜರ್ಮನಿಯ ಹೆಸೆನ್ ಎಂಬ ಫ್ರಿಗೇಟ್ 2024ರ ಫೆಬ್ರವರಿಯಲ್ಲಿ ಅಮೆರಿಕದ್ದೇ ರೀಪರ್ ಡ್ರೋನಿನ ಮೇಲೆ ಎರಡು ಕ್ಷಿಪಣಿ ಬಿಟ್ಟಿತು. ಎರಡೂ ಕೆಟ್ಟುಹೋದದ್ದರಿಂದ ಡ್ರೋನ್ ಉಳಿಯಿತು. ಡಿಸೆಂಬರ್ 22ರಂದು ಅಮೆರಿಕದ ಗೆಟಿಸ್‌ಬರ್ಗ್ ಎಂಬ ಕ್ರೂಸರ್ ತನ್ನದೇ ಪಡೆಯ ಎಫ್/ಎ-18 ವಿಮಾನವನ್ನು ಉರುಳಿಸಿತು, ಪೈಲಟ್‌ಗಳು ಹೇಗೋ ಹೊರಜಿಗಿದು ಬದುಕಿದರು. ತಿಂಗಳುಗಟ್ಟಲೆ ಗುಂಡಿಯ ಮೇಲೆ ಬೆರಳಿಟ್ಟು ಕೂತ ಜನ ವಿನ್ಸೆನ್ಸ್‌ನ ಗಂಡಾಂತರದ ಅಂಚಿಗೆ ಮತ್ತೆ ಬಂದಿದ್ದರು. ಮೇಲಾಗಿ, ಅಗ್ಗದ ಡ್ರೋನಿಗೂ ಸುಮಾರು 20 ಲಕ್ಷ ಡಾಲರಿನ ಕ್ಷಿಪಣಿ. ದುಡ್ಡಿಗಿಂತ ದೊಡ್ಡ ತಲೆನೋವು ಖಾಲಿಯಾದ ಕೊಳವೆಗಳದು. ಲಂಬ ಕೊಳವೆಗಳಲ್ಲಿ ಕ್ಷಿಪಣಿ ತುಂಬಲು ಹಡಗು ಬಂದರಿಗೇ ಹೋಗಬೇಕು. ನಡುಗಡಲಿನಲ್ಲಿ ತುಂಬುವ ಉಪಾಯ ಇನ್ನೂ ಪ್ರಯೋಗದ ಹಂತದಲ್ಲಿದೆ. ಹಾಗಾಗಿ ಐದು ಇಂಚಿನ ಹಳೆಯ ಫಿರಂಗಿಗೆ ಮತ್ತೆ ಬೇಡಿಕೆ ಬಂದಿದೆ.

ಭಾರತದ ಮಟ್ಟಿಗೆ ಚರ್ಚೆ ತಾಗುವುದು ಇಲ್ಲೇ. ವಿಶಾಖಪಟ್ಟಣಂ ವರ್ಗದ ಡೆಸ್ಟ್ರಾಯರಿನಲ್ಲಿ 16 ಬ್ರಹ್ಮೋಸ್, 32 ಬರಾಕ್-8 ರಕ್ಷಣಾ ಕ್ಷಿಪಣಿಗಳು. ಹೊಸ ನೀಲಗಿರಿ ವರ್ಗದ ಫ್ರಿಗೇಟಿನಲ್ಲಿ 8 ಮತ್ತು 32. ಅಮೆರಿಕದ ಆರ್ಲೀ ಬರ್ಕ್ ವರ್ಗದಲ್ಲಿ 90ರಿಂದ 96 ಕೊಳವೆಗಳು, ಚೀನಾದ ಟೈಪ್ 055ರಲ್ಲಿ 112. ಬರುವ ಒಂದೊಂದು ಕ್ಷಿಪಣಿಗೂ ಎರಡು ಬಿಡುವುದು ವಾಡಿಕೆಯಾದ್ದರಿಂದ ನಮ್ಮ 32 ಹದಿನಾರು ದಾಳಿಗಳಿಗೆ ಸಾಕು. ಒಂದು ದೊಡ್ಡ ಮುತ್ತಿಗೆಯಲ್ಲಿ ಅದು ಮುಗಿಯುತ್ತದೆ. ಪಾಕಿಸ್ತಾನ 2024ರ ನವೆಂಬರ್‌ನಲ್ಲಿ ಹಡಗಿನಿಂದ ಹಾರುವ ಹಡಗು ನಾಶಕ ಬ್ಯಾಲಿಸ್ಟಿಕ್ ಕ್ಷಿಪಣಿಯನ್ನು ಪರೀಕ್ಷಿಸಿದ ಮೇಲೆ ಈ ಎಣಿಕೆಯ ಕಳವಳ ಹೆಚ್ಚಾಗಿದೆ. 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದಲ್ಲಿ ನಮ್ಮ ವಿಮಾನವಾಹಕ ನೌಕೆಯ ಪಡೆ ಉತ್ತರ ಅರಬ್ಬಿ ಸಮುದ್ರದಲ್ಲಿ ನಿಂತಿತ್ತು, ಆದರೆ ಹಡಗುಗಳ ನಡುವೆ ಕ್ಷಿಪಣಿ ಹಾರಲಿಲ್ಲ. ಹೀಗಾಗಿ ಬರಾಕ್-8 ಹಡಗಿನಿಂದ ಹಾರಿ ಯುದ್ಧದಲ್ಲಿ ತನ್ನನ್ನು ತೋರಿಸಿಕೊಳ್ಳುವ ಸಂದರ್ಭ ನಮ್ಮ ನೌಕಾಪಡೆಗೆ ಬಂದಿಲ್ಲ.

ಕೊಳವೆ ಹೆಚ್ಚಿಸಬೇಕೆಂಬ ವಾದ ನನಗೆ ಒಪ್ಪಿಗೆಯೇ. ಆದರೆ ಅದಕ್ಕಿಂತ ಮೊದಲು ಹಣ ಹೋಗಬೇಕಾದದ್ದು ಹಾರುವ ರೇಡಾರಿಗೆ ಮತ್ತು ಮರುಳುಗೊಳಿಸುವ ಸಾಧನಗಳಿಗೆ. ಡಿಆರ್‌ಡಿಒದ ಹೈದರಾಬಾದ್ ಪ್ರಯೋಗಾಲಯ ವಿನ್ಯಾಸ ಮಾಡಿ ಬೆಂಗಳೂರಿನ ಬಿಇಎಲ್ ತಯಾರಿಸುವ ಶಕ್ತಿ ಎಂಬ ಎಲೆಕ್ಟ್ರಾನಿಕ್ ಯುದ್ಧ ವ್ಯವಸ್ಥೆ ಹೊಸ ಹಡಗುಗಳಿಗೆ ಬರುತ್ತಿರುವುದು ಸರಿಯಾದ ಹೆಜ್ಜೆ. ವಿಕ್ರಾಂತ್, ವಿಕ್ರಮಾದಿತ್ಯ ಎರಡರ ಓಡುದಾರಿಯೂ ಸ್ಕೀ-ಜಂಪ್ ಆದ್ದರಿಂದ ಹಾಕ್-ಐ ಮಾದರಿಯ ಭಾರದ ವಿಮಾನ ಅಲ್ಲಿಂದ ಏರಲಾರದು. ಕಾಮೋವ್-31 ಹಾರುವ ಎತ್ತರವೂ ಗಾಳಿಯಲ್ಲಿ ಉಳಿಯುವ ಹೊತ್ತೂ ಅದಕ್ಕಿಂತ ಬಹಳ ಕಡಿಮೆ. ಕಾರವಾರದ ಕದಂಬ ನೆಲೆಯಿಂದ ಹೊರಡುವ ಪಡೆಗೆ ದಿಗಂತವನ್ನು 30 ಕಿಲೋಮೀಟರಿನಿಂದ ಆಚೆ ತಳ್ಳಿಕೊಡುವವರು ಸದ್ಯಕ್ಕೆ ಆ ಕೆಲವೇ ಹೆಲಿಕಾಪ್ಟರ್‌ಗಳು, ಮತ್ತು ದಡದಿಂದ ಬರುವ ಪಿ-8ಐ ಕಣ್ಗಾವಲು ವಿಮಾನಗಳು, ಅವು ಆ ಹೊತ್ತಿಗೆ ಆ ಜಾಗದಲ್ಲಿದ್ದರೆ.